ಅಮ್ಮನಿಗೆ ಮನೆಯಲ್ಲೇ ಆರೈಕೆ: ಎರಡೂವರೆ ವರ್ಷ ಬಳಸಿದ ಮೇಲೆ

ಅಮ್ಮನಿಗೆ 83 ವರ್ಷ. ಮೈಸೂರಿನ ಕುವೆಂಪುನಗರದ ಮನೆ ಬಿಟ್ಟು ಬರಲು ಒಪ್ಪುವುದಿಲ್ಲ. ನನ್ನ ನೌಕರಿ ಬೆಂಗಳೂರಿನಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆರೈಕೆಯವರನ್ನು ಮನೆಗೆ ಕಳುಹಿಸುವ ಸಂಸ್ಥೆಯೊಂದನ್ನು ಹಿಡಿದೆ. ಅದರ ಹೆಸರು ಬರೆಯುವುದಿಲ್ಲ, ಇನ್ನೂ ಅವರನ್ನೇ ನಂಬಿಕೊಂಡಿದ್ದೇನೆ.

ನಮ್ಮ ಕಡೆ ಇವರನ್ನೆಲ್ಲ ‘ಹೋಮ್ ನರ್ಸ್’ ಎನ್ನುತ್ತಾರೆ. ಆದರೆ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ವಾಕರ್ ಹಿಡಿಸಿ ನಡೆಸುವುದು, ಮಾತ್ರೆ ನೆನಪಿಸುವುದು ಅವರ ಕೆಲಸ. ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್ ಬೇಕೆಂದರೆ ಬೇರೆ ಜನ, ಬೇರೆ ದರ. ಇದು ನನಗೆ ಗೊತ್ತಾದದ್ದು ಮೂರನೆಯ ದಿನ, ಆರೈಕೆಗೆ ಬಂದಾಕೆ ಇನ್ಸುಲಿನ್ ಪೆನ್ನು ಕೈಯಲ್ಲಿ ಹಿಡಿದು ನನಗೆ ಫೋನ್ ಮಾಡಿದಾಗ. ಎದುರು ಮನೆಯವರು ಬಂದು ಚುಚ್ಚಿಹೋದರು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ಪ್ರಶ್ನೆ ಕೇಳಿಬಿಡಿ.

ಅಮ್ಮನೊಬ್ಬರಿಗೆ ಮಾತ್ರ ಅಡುಗೆ ಎಂಬ ಷರತ್ತು ಮೊದಲು ಸಿಟ್ಟು ತರಿಸಿತ್ತು. ನೋಡಲು ಬಂದ ಆರು ಮಂದಿ ನೆಂಟರು ಉಪ್ಪಿಟ್ಟಿಗೆ ಕಾದು ಕುಳಿತದ್ದನ್ನು ಕಂಡ ಮೇಲೆ ಇಳಿಯಿತು.

ಮೊದಲು ಬಂದಾಕೆಯನ್ನು ಅಮ್ಮ ಹೊಸಿಲಲ್ಲೇ ನಿಲ್ಲಿಸಿ, “ನೀವು ಯಾವ ಜನ?” ಎಂದು ಕೇಳಿಬಿಟ್ಟರು. ನನಗೆ ನೆಲ ಕುಸಿದಂತಾಯಿತು. ಆಕೆ ಚೀಲ ಇಳಿಸುತ್ತಾ, “ಎಚ್.ಡಿ. ಕೋಟೆಯ ಜನ, ಅಜ್ಜಿ” ಎಂದರು. ಮೂರು ತಿಂಗಳಾಗುವಷ್ಟರಲ್ಲಿ ಆಕೆ ಬೆರೆಸಿದ ಕಾಫಿಯಲ್ಲದೆ ಬೇರೆಯದು ಅಮ್ಮನಿಗೆ ರುಚಿಸುತ್ತಿರಲಿಲ್ಲ. ಮಂಡಿಗೆ ಹರಳೆಣ್ಣೆ ಹಚ್ಚಿ, ತಲೆ ಬಾಚಿ, ಸಂಜೆ ಗೇಟಿನವರೆಗೆ ನಡೆಸಿಕೊಂಡು ಬರುತ್ತಿದ್ದರು.

ಹದಿನಾಲ್ಕು ತಿಂಗಳಿಗೆ ಸಂಸ್ಥೆ ಆಕೆಯನ್ನು ಇನ್ನೊಂದು ಮನೆಗೆ ಕಳುಹಿಸಿತು. ಮುನ್ಸೂಚನೆ ಇಲ್ಲ. ಮುಂದಿನ ಎರಡು ತಿಂಗಳಲ್ಲಿ ನಾಲ್ವರು ಬಂದುಹೋದರು. ಬದಲಿಯವರು ಮಾರನೆಯ ದಿನವೇ ಬರುತ್ತಾರೆ, ಅದು ನಿಜ. ಹಬ್ಬದ ವಾರವೊಂದನ್ನು ಬಿಟ್ಟರೆ ಆ ಮಾತಿಗೆ ತಪ್ಪಿಲ್ಲ. ಆದರೆ ಮಾತ್ರೆ ಡಬ್ಬಿ ಎಲ್ಲಿದೆ, ಯಾವ ಕಾಲು ಮೊದಲು ಇಡಬೇಕು, ಎಲ್ಲವನ್ನೂ ಅಮ್ಮನೇ ಮತ್ತೆ ಹೇಳಿಕೊಡಬೇಕು.

ಆ ನಡುವೆ ಅಮ್ಮ ಜ್ವರ ಬಂದು ಹಾಸಿಗೆ ಹಿಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳಿದ್ದರು. ಶನಿವಾರ ಹೋಗಿ ನೋಡಿದರೆ ಬೆನ್ನಿನ ಕೆಳಗೆ ಕೆಂಪು ಕಲೆ. ಮೇಲ್ವಿಚಾರಕರು, “ಚಾರ್ಟಿನಲ್ಲಿ ಗುರುತು ಇದೆಯಲ್ಲ ಸರ್” ಎಂದರು. ಇತ್ತು. ಹನ್ನೆರಡು, ಎರಡು, ನಾಲ್ಕು, ಆರು. ಎಲ್ಲವೂ ಒಂದೇ ಉಸಿರಿನಲ್ಲಿ ಎಳೆದ ಗೆರೆಗಳು. ಗಾಳಿ ಹಾಸಿಗೆ ತಂದೆವು, ಹುಣ್ಣಾಗಲಿಲ್ಲ. ಹಿರಿಯರ ಸಹಾಯವಾಣಿ 14567 ಅನ್ನು ಅಂದೇ ಮಂಚದ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ.

ದಿನದ ಪಾಳಿಗೆ ನಾನು ಕೊಡುವುದು 900 ರೂಪಾಯಿ. ಕೋಟೆಯಾಕೆಯ ಕೈ ಸೇರುತ್ತಿದ್ದದ್ದು 550 ಎಂದು ಅಮ್ಮ ಆಮೇಲೆ ಹೇಳಿದರು. ನೇರವಾಗಿ ನೇಮಿಸಿಕೊಳ್ಳೋಣವೆಂದರೆ ಒಪ್ಪಂದದಲ್ಲಿ ದಂಡದ ಷರತ್ತಿದೆ.

ಕಳೆದ ತಿಂಗಳು ನವೀಕರಿಸುವಾಗ, ಬದಲಿಯವರು ಬಂದರೆ ಒಂದು ದಿನ ಹಳಬರ ಜೊತೆಯಲ್ಲೇ ಇದ್ದು ಕಲಿಯಬೇಕು ಎಂಬ ಸಾಲನ್ನು ಕೈಬರಹದಲ್ಲಿ ಸೇರಿಸಿದೆ. ಆ ದಿನದ ಎರಡು ಕೂಲಿಯನ್ನೂ ನಾನೇ ಕೊಡಬೇಕಂತೆ. ಕೊಡುತ್ತೇನೆ.