ಇನ್ವರ್ಟರಿಗೆ ಯಾವ ಲೂಪ್? ಮೂರನ್ನೂ ಹಾಕಿ ನೋಡಿದೆವು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗುರುವಾರ ರಜೆ. ವರ್ಕ್‌ಶಾಪ್ ಖಾಲಿ. ನಾನು ಮತ್ತು ಬೆಳಗಾವಿಯ ಗೆಳೆಯ ಸೇರಿ, ನಾವೇ ಕಟ್ಟಿದ 1 ಕಿಲೋವಾಟ್ ಇನ್ವರ್ಟರಿಗೆ ಮೂರು ಬಗೆಯ ಕಂಟ್ರೋಲ್ ಲೂಪ್ (ಅಳೆದು ನೋಡಿ, ತಪ್ಪಿದ್ದರೆ ಕೂಡಲೇ ತಿದ್ದುತ್ತಾ ಇರುವ ಕೋಡ್) ಹಾಕಿ ನೋಡಿದೆವು. ಗ್ರಿಡ್ ಜೋಡಿಸಿಲ್ಲ. ಪಲ್ಸುಗಳನ್ನು ನುಣುಪಾದ ಅಲೆ ಮಾಡುವ ಫಿಲ್ಟರಿನಲ್ಲಿ 1.5 ಮಿಲಿಹೆನ್ರಿ ಚೋಕ್ (ತಂತಿಯ ಸುರುಳಿ), 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಇವೆರಡೂ ಸೇರಿ ಸುಮಾರು 1300 ಹರ್ಟ್ಸ್‌ನಲ್ಲಿ ಉಯ್ಯಾಲೆ ಆಡುತ್ತವೆ. ತಲೆನೋವೆಲ್ಲ ಅಲ್ಲೇ.

ಮೊದಲು ವೋಲ್ಟೇಜ್ ಲೂಪ್ ಒಂದೇ ಹಾಕಿದೆವು. ಒಂದು ಸೆನ್ಸರ್ ಸಾಕು, ಕೋಡೂ ಚಿಕ್ಕದು. 750 ವಾಟಿನ ಇಸ್ತ್ರಿಪೆಟ್ಟಿಗೆ ಹಾಕಿದಾಗ ಆಸಿಲೋಸ್ಕೋಪಿನ ಪರದೆಯಲ್ಲಿ ವೋಲ್ಟೇಜಿನ ಅಲೆ ನುಣುಪಾಗಿತ್ತು. ಥರ್ಮೋಸ್ಟ್ಯಾಟ್ ಟಕ್ ಅಂತ ಆಫ್ ಆಗಿದ್ದೇ ತಡ, ಅಲೆಗೆ ಮುಳ್ಳೆದ್ದವು, ಚೋಕ್ ಕುಂಯ್‌ಗುಟ್ಟಿತು. ಲೋಡ್ ಜಾಸ್ತಿಯಾದರೆ ಕಷ್ಟ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಉಲ್ಟಾ. ಉಯ್ಯಾಲೆಯ ಜೋರನ್ನು ಇಸ್ತ್ರಿಪೆಟ್ಟಿಗೆ ತಿನ್ನುತ್ತಿತ್ತು. ಅದು ಹೋದರೆ ತಡೆಯುವುದಕ್ಕೆ ಏನೂ ಇಲ್ಲ. ಸಾಲದ್ದಕ್ಕೆ 20 ಕಿಲೋಹರ್ಟ್ಸ್‌ನಲ್ಲಿ ಅಳೆದು, ಲೆಕ್ಕ ಹಾಕಿ, ಪಲ್ಸ್ ಕೊಡುವಷ್ಟರಲ್ಲಿ ಸುಮಾರು 75 ಮೈಕ್ರೋಸೆಕೆಂಡ್ ತಡ. 1300 ಹರ್ಟ್ಸ್‌ನ ಲೆಕ್ಕದಲ್ಲಿ ಅದು 35 ಡಿಗ್ರಿ, ಅಂದರೆ ಒಂದು ಸುತ್ತಿನ ಸುಮಾರು ಹತ್ತನೇ ಒಂದು ಭಾಗ! ಇಷ್ಟು ತಡವಾಗಿ ತಿದ್ದಿದರೆ ಉಯ್ಯಾಲೆಯನ್ನು ತಡೆಯುವ ಬದಲು ತಳ್ಳಿದಂತಾಗುತ್ತದೆ. ಗೇನ್ (ಲೂಪ್ ತಿದ್ದುವ ಜೋರು) ಇಳಿಸಿದರೆ ಸದ್ದು ನಿಲ್ಲುತ್ತದೆ, ಆದರೆ ಮಿಕ್ಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. ಕೆಪಾಸಿಟರ್ ಜೊತೆ ರೆಸಿಸ್ಟರ್ ಇಡಬಹುದಿತ್ತು. ಸುಮ್ನೆ ಕರೆಂಟ್ ಸುಡುವುದು ಯಾಕೆ ಅಂತ ಬಿಟ್ಟೆವು.

ಎರಡನೆಯದು, ವೋಲ್ಟೇಜ್ ಲೂಪಿನ ಒಳಗೆ ಕೆಪಾಸಿಟರ್ ಕರೆಂಟನ್ನು ಅಳೆಯುವ ಇನ್ನೊಂದು ಲೂಪ್. ಲೋಡ್ ತೆಗೆದರೂ ಸದ್ದಿಲ್ಲ. ಮಿಕ್ಸಿ ಒಮ್ಮೆಲೇ ಎಳೆಯುವ ಕರೆಂಟ್ ಮೊದಲು ಕೆಪಾಸಿಟರಿನಿಂದಲೇ ಬರುವುದರಿಂದ ಲೂಪಿಗೆ ತಕ್ಷಣ ಸುದ್ದಿ ಮುಟ್ಟುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಅಲೆಯ ತುದಿಯಲ್ಲಿ ಮಾತ್ರ ಕರೆಂಟ್ ಎಳೆದು ತಲೆಯನ್ನು ಚಪ್ಪಟೆ ಮಾಡುತ್ತದಲ್ಲ, ಅದೂ ಎಷ್ಟೋ ಕಡಿಮೆಯಾಯಿತು. ನಾನು ಇದಕ್ಕೇ ಮಾರುಹೋಗಿದ್ದೆ. ಆಮೇಲೆ ನನ್ನ ಕೈಯಲ್ಲಿದ್ದ ಕ್ರೊಕೊಡೈಲ್ ಕ್ಲಿಪ್ಪುಗಳು ಒಂದಕ್ಕೊಂದು ತಾಗಿದವು. ಶಾರ್ಟ್ ಆದಾಗ ಕೆಪಾಸಿಟರಿನ ಕರೆಂಟ್ ಸೊನ್ನೆ. ಏನೂ ಆಗಿಲ್ಲ ಅಂದುಕೊಂಡ ಲೂಪ್ ಇನ್ನಷ್ಟು ತಳ್ಳಿತು. ಟ್ರಿಪ್ ಮಿತಿಯನ್ನೂ (ಕರೆಂಟ್ ಇಷ್ಟು ಮೀರಿದರೆ ಎಲ್ಲ ಆಫ್ ಅನ್ನುವ ಗೆರೆ) ನಾನೇ ಮೇಲಿಟ್ಟಿದ್ದೆ. ಪಲ್ಸ್ ಕೊಡುವ ಸ್ವಿಚ್ಚುಗಳಾದ ಐಜಿಬಿಟಿಗಳಲ್ಲಿ ಎರಡು ಸುಟ್ಟುಹೋದವು.

ಮೂರನೆಯದರಲ್ಲಿ ಒಳಗಿನ ಲೂಪಿಗೆ ಕೆಪಾಸಿಟರಿನ ಬದಲು ಚೋಕಿನ ಕರೆಂಟನ್ನೇ ಅಳೆದೆವು. ಮಿತಿ 12 ಆಂಪಿಯರ್ ಅಂತ ಕೋಡಿನಲ್ಲೇ ಬರೆದರೆ ಅದನ್ನು ಮೀರಲು ಲೂಪ್ ಬಿಡುವುದಿಲ್ಲ. ಈ ಸಲ ಬೇಕಂತಲೇ ಶಾರ್ಟ್ ಮಾಡಿದೆವು, ಬದುಕಿತು. ಆದರೆ ಮಿಕ್ಸಿಗೆ ಇದು ಸ್ವಲ್ಪ ಮಂದ. ಹೊರಗಿನ ವೋಲ್ಟೇಜ್ ಲೂಪ್ ಎಚ್ಚೆತ್ತು ಹೇಳುವ ತನಕ ಒಳಗಿನದು ಹಳೇ ಕರೆಂಟನ್ನೇ ಹಿಡಿದು ಕೂರುತ್ತದೆ. ಲೋಡ್ ಕರೆಂಟಿಗೂ ಒಂದು ಸೆನ್ಸರ್ ಇಟ್ಟು ಆ ಅಳತೆಯನ್ನು ಒಳಗಿನ ಲೂಪಿನ ಗುರಿಗೆ ಕೂಡಿಸಿದ ಮೇಲೆ ಹೆಚ್ಚುಕಡಿಮೆ ಎರಡನೆಯದರ ಚುರುಕೇ ಬಂತು.

ನಾನು ಇದನ್ನೇ ಇಟ್ಟುಕೊಂಡೆ. ಗೆಳೆಯ ಒಪ್ಪಿಲ್ಲ. "ಟ್ರಿಪ್ ಸರಿಯಾಗಿ ಇಟ್ಟಿದ್ರ ಎರಡನೇದೇ ಸಾಕಾಗ್ತಿತ್ತಲ್ಲೋ, ಇನ್ನೊಂದು ಸೆನ್ಸರ್ ಯಾಕ ಬೇಕಿತ್ತು?" ಅಂತಾನೆ.