ಅಯಸ್ಕಾಂತದ ಫುಟ್‌ಬಾಲ್ ಬೋರ್ಡು: ಐದಕ್ಕೆ ಮೂರು ಸ್ಟಾರ್, ಒಂದು ಬಿಲ್ಲೆ ನಾಪತ್ತೆ

ಅಡ್ಡಿಲ್ಲ. ಒಂದೇ ಮಾತಲ್ಲಿ ಹೇಳಿ ಅಂದರೆ ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಅಂಕೋಲಾ-ಕಾರವಾರದ ಕಡೆ ‘ಅಡ್ಡಿಲ್ಲ’ ಅಂದರೆ ಹೊಗಳಿಕೆಯೂ ಆಗಬಹುದು, ತಕರಾರೂ ಆಗಬಹುದು, ಹೇಳುವವನ ಮುಖ ನೋಡಬೇಕು. 1,349 ರೂಪಾಯಿ ಕೊಟ್ಟವನ ಮುಖ ನೆನೆಸಿಕೊಂಡು ಮುಂದೆ ಓದಿ.

ಸಾಮಾನು ಏನೆಂದರೆ, ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳು ಆಟದ ತಂತ್ರ ಹೇಳಿಕೊಡಲು ಬಳಸುವ ಮಡಚುವ ಬೋರ್ಡು. ಹೊರಗೆ ಕಪ್ಪು ರೆಕ್ಸಿನ್, ಸುತ್ತ ಜಿಪ್. ಪುಸ್ತಕದ ಹಾಗೆ ಬಿಚ್ಚಿದರೆ ಒಳಗೆ ಹಸಿರು ಮೈದಾನ, ಹತ್ತತ್ತು ಗಜಕ್ಕೆ ಬಿಳಿ ಗೆರೆ, ಮೇಲೆ ಅಂಟುವ ಬಿಲ್ಲೆಗಳು. ಕೆಂಪು ಹನ್ನೊಂದು, ನೀಲಿ ಹನ್ನೊಂದು, ಕಂದು ಬಣ್ಣದ ಚೆಂಡು ಒಂದು, ಒಟ್ಟು ಇಪ್ಪತ್ಮೂರು ಎಂದು ಡಬ್ಬಿಯ ಮೇಲೆ ಬರೆದಿದೆ. ಬಂದದ್ದು ಇಪ್ಪತ್ತೆರಡು. ನೀಲಿ 11 ಇಲ್ಲ. ಮಾರಾಟಗಾರರ ಗ್ರಾಹಕ ಸೇವೆಗೆ ದೂರು ಕೊಟ್ಟೆ. ‘ದಯವಿಟ್ಟು ಬಾರದ ಬಿಲ್ಲೆಯ ಫೋಟೋ ಕಳಿಸಿ’ ಅಂತ ಉತ್ತರ ಬಂತು. ಬಾರದ ಬಿಲ್ಲೆಯ ಫೋಟೋ! ಖಾಲಿ ಅಂಗೈಯ ಫೋಟೋ ತೆಗೆದು ಕಳಿಸಿದೆ. ‘ಚಿತ್ರ ಸ್ಪಷ್ಟವಾಗಿಲ್ಲ’ ಅಂದರು. ಅಲ್ಲಿಗೆ ಬಿಟ್ಟೆ.

ಆ ಜಾಗಕ್ಕೆ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದ್ದ ಮುರ್ಡೇಶ್ವರದ ಶಿವನ ಅಯಸ್ಕಾಂತ ತಂದು ಇಟ್ಟೆವು. ಇಲ್ಲಿಂದ ಮುಂದೆ ಶಿವ ಎಂದರೆ ಡಿಫೆನ್ಸ್‌ನ ಹನ್ನೊಂದನೆಯವ ಎಂದು ತಿಳಿಯಿರಿ.

ಇಂಥದ್ದು ನಿಮಗ್ಯಾಕೆ ಅಂತ ಕೇಳಬಹುದು. ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರನಾಗಿದ್ದವ, ಕಲಿಸಿದ್ದು ಕಬಡ್ಡಿ, ವಾಲಿಬಾಲ್. ಗೋವಾ ಪಕ್ಕದಲ್ಲೇ ಇರುವುದರಿಂದ ಕಾಲ್ಚೆಂಡೂ ನಮಗೆ ಹೊಸತಲ್ಲ. ಆದರೆ ಈ ಮೊಟ್ಟೆ ಚೆಂಡಿನ ಆಟ ತಂದವನು ನನ್ನ ತಂಗಿಯ ಮಗ. ಟೆಕ್ಸಾಸ್‌ನಲ್ಲಿ ಕೆಲಸ. ಈ ವರ್ಷ ಎರಡೂವರೆ ತಿಂಗಳು ಕೋಡಿಬಾಗದ ನಮ್ಮ ಮನೆಯಲ್ಲೇ ಇದ್ದ. ರಾತ್ರಿಯಿಡೀ ಆಫೀಸು, ಮಧ್ಯಾಹ್ನದವರೆಗೆ ನಿದ್ದೆ, ಸಂಜೆಯಾದರೆ ಕೇರಿಯ ಹುಡುಗರನ್ನು ಕಟ್ಟಿಕೊಂಡು ಕಡಲತೀರಕ್ಕೆ. ಅಲ್ಲಿ ಫ್ಲ್ಯಾಗ್ ಫುಟ್‌ಬಾಲ್. ಬೀಳಿಸುವುದಿಲ್ಲ, ಗುದ್ದುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಎಳೆದರೆ ಆಟ ನಿಂತಂತೆ. ನಮ್ಮವರದು ಹಳೆ ಲುಂಗಿ ಹರಿದು ಮಾಡಿದ ಪಟ್ಟಿ. ನಗಬೇಡಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಇದೆ. ಒಂದು ಕಡೆಗೆ ಐವರು, 50 ಗಜ ಉದ್ದ, 25 ಗಜ ಅಗಲ.

ಆ ಐವರೂ ಚೆಂಡು ಹಿಡಿಯಬಹುದು ಎಂಬುದೇ ತೊಂದರೆ. ಎಲ್ಲರೂ ಅಗಲಕ್ಕೆ ಹರಡಿ ನಿಂತು ಎಲ್ಲ ದಿಕ್ಕಿಗೂ ಓಡುತ್ತಾರೆ, ಎಸೆಯುವವನು ಖಾಲಿ ಇದ್ದವನಿಗೆ ಎಸೆಯುತ್ತಾನೆ. ನನ್ನ ಹಳೆ ಕಬಡ್ಡಿ ಹುಡುಗರು ಡಿಫೆನ್ಸ್‌ಗೆ ನಿಂತರು. ಒಬ್ಬೊಬ್ಬರನ್ನು ಒಬ್ಬೊಬ್ಬರು ಬೆನ್ನಟ್ಟಿದರು. ಬೈತಖೋಲದ ಒಬ್ಬಳು ಹುಡುಗಿ, ಒಂಬತ್ತನೇ ಕ್ಲಾಸು, ಎಡದಿಂದ ಬಲಕ್ಕೆ ಅಡ್ಡ ಓಡಿದಳು, ಅವಳ ಜೊತೆಗಾರ ಬಲದಿಂದ ಎಡಕ್ಕೆ ಓಡಿದ. ಬೆನ್ನಟ್ಟಿದ ನಮ್ಮವರಿಬ್ಬರೂ ನಡುವೆ ಡಿಕ್ಕಿ ಹೊಡೆದು ಉಸುಕಲ್ಲಿ ಕೂತರು. ಮೊದಲ ಸಂಜೆ ಎಷ್ಟು ಟಚ್‌ಡೌನ್, ಅಂದರೆ ಚೆಂಡು ಕೊನೆಯ ಗೆರೆ ದಾಟಿದ್ದು, ಬಿಟ್ಟರೋ ಲೆಕ್ಕ ಇಡಲಿಲ್ಲ, ಇಡುವ ಮನಸ್ಸೂ ಇರಲಿಲ್ಲ. ಮರುದಿನವೇ ಅಳಿಯ ಈ ಬೋರ್ಡಿಗೆ ಆರ್ಡರ್ ಹಾಕಿದ. ದುಡ್ಡು ನನ್ನದು.

ಜಗಲಿಯಲ್ಲಿ ಬಿಚ್ಚಿದ ದಿನವೇ ದೊಡ್ಡ ದೋಷ ಕಂಡಿತು. ಬೋರ್ಡು ಹನ್ನೊಂದು ಜನರ ದೊಡ್ಡ ಆಟದ್ದು, ಅದರ ಮಡಚುವ ಗೆರೆ ಸರಿಯಾಗಿ ನಡುವಿನ 50 ಗಜದ ಗೆರೆಯ ಮೇಲೇ ಬಂದಿದೆ. ಅಲ್ಲಿ ತಗಡು ಇಲ್ಲ, ಬಿಲ್ಲೆ ಅಂಟುವುದಿಲ್ಲ. ಮೈದಾನದ ನಟ್ಟನಡುವೆ ಆಟ ತೋರಿಸಲು ಹೋದರೆ ಮುಂದಿನ ಸಾಲಿನ ಲೈನ್‌ಮನ್‌ಗಳೆಲ್ಲ ತೊಡೆಯ ಮೇಲೆ ಬೀಳುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲ ಆಟವೂ 35 ಗಜದಿಂದಲೇ ಶುರು.

ಎರಡನೆಯ ದೋಷ ನನಗೆ ಗೊತ್ತಾಗಲಿಲ್ಲ, ಅಳಿಯ ಬೆರಳಿಟ್ಟು ತೋರಿಸಿದ. ಮೈದಾನದ ಅಗಲ 160 ಅಡಿ. ಒಳಗಡೆ ಉದ್ದಕ್ಕೆ ಎರಡು ಸಾಲು ಸಣ್ಣ ಗೀಟುಗಳಿರುತ್ತವೆ, ಹ್ಯಾಶ್ ಅಂತಾರೆ. ಹಿಂದಿನ ಆಟ, ಅಂದರೆ ಒಂದು ಓಟವೋ ಎಸೆತವೋ, ಯಾವ ಅಂಚಿಗೆ ಮುಗಿದರೂ ಮುಂದಿನದಕ್ಕೆ ಚೆಂಡನ್ನು ಆ ಗೀಟಿನ ಒಳಗೇ ತಂದು ಇಡಬೇಕು. ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಲ್ಲಿನ ವೃತ್ತಿಪರ ಲೀಗಿನಲ್ಲಿ, ಆ ಎರಡು ಸಾಲುಗಳ ನಡುವೆ 18 ಅಡಿ 6 ಇಂಚು ಅಷ್ಟೇ, ಕಾಲೇಜು ಆಟದಲ್ಲಿ 40 ಅಡಿ, ಅಲ್ಲಿನ ಹೈಸ್ಕೂಲಿನಲ್ಲಿ ಅಗಲದ ಸರಿಯಾಗಿ ಮೂರನೆಯ ಒಂದು ಭಾಗ. ಬೋರ್ಡಿನಲ್ಲಿ ಇರುವುದು ಹೈಸ್ಕೂಲಿನ ಗೀಟು, ಡಬ್ಬಿಯ ಮೇಲೆ ಮಾತ್ರ ‘ಪ್ರೊಫೆಷನಲ್’. ಇಷ್ಟು ಸಣ್ಣದಕ್ಕೆ ತಕರಾರೇ ಅನ್ನಬೇಡಿ. ಚೆಂಡು ಒಂದು ಗೀಟಿನ ಮೇಲಿದ್ದರೆ ಇನ್ನೊಂದು ಬದಿಗೆ ಕಾಯಬೇಕಾದ ಬಯಲು ಕಾಲೇಜಿನಲ್ಲಿ 100 ಅಡಿ, ಎನ್‌ಎಫ್‌ಎಲ್‌ನಲ್ಲಿ ಸುಮಾರು 89. ಹರಡಿ ನಿಲ್ಲುವ ದಾಳಿಗೆ ಬೇಕಾದದ್ದೇ ಆ ಬಯಲು. ಎಲ್ಲಿ ಬಯಲು ಹೆಚ್ಚೋ ಅಲ್ಲಿ ಚುರುಕಿನವನನ್ನು ನಿಲ್ಲಿಸಬೇಕು ಎಂಬುದು ಡಿಫೆನ್ಸ್‌ನ ಮೊದಲ ಪಾಠ, ಬೋರ್ಡಿನಲ್ಲಿ ಅದೇ ತಪ್ಪಾಗಿ ಕಾಣುತ್ತದೆ.

ಇಷ್ಟು ಬೈದ ಮೇಲೂ ಮೂರು ಸ್ಟಾರ್ ಯಾಕೆ ಕೊಟ್ಟೆ? ಬಿಲ್ಲೆ ಎಣಿಸುವುದರಲ್ಲೇ ಆಟ ಅರ್ಥವಾಗುತ್ತದೆ, ಅದಕ್ಕೆ.

ಕೆಂಪು ಹನ್ನೊಂದರಲ್ಲಿ ಐವರು ಮುಂದಿನ ಸಾಲಿನ ದಢೂತಿಗಳು, ಅವರು ಪಾಸ್ ಹಿಡಿಯುವಂತಿಲ್ಲ. ಒಬ್ಬ ಕ್ವಾರ್ಟರ್‌ಬ್ಯಾಕ್, ಎಸೆಯುವವ. ಹಿಡಿಯುವವರು, ಅಂದರೆ ರಿಸೀವರ್‌ಗಳು, ಉಳಿದ ಐವರು. ಅವರನ್ನು ಈ ಅಂಚಿನಿಂದ ಆ ಅಂಚಿಗೆ ಹರಡಿದರೆ ಅದೇ ಸ್ಪ್ರೆಡ್. ನೀಲಿಯವರಲ್ಲಿ ನಾಲ್ವರು ಎಸೆಯುವವನ ಮೇಲೆ ನುಗ್ಗಿದರೆ ಕಾಯಲು ಉಳಿಯುವವರು ಏಳು ಜನ. ಏಳು! ಕಬಡ್ಡಿ ಮಾಸ್ತರನಿಗೆ ಇದಕ್ಕಿಂತ ಹತ್ತಿರದ ಸಂಖ್ಯೆ ಯಾವುದಿದೆ? ಅಲ್ಲಿ ಅಂಚಿನವನಿಗೆ ಕಾರ್ನರ್ ಅನ್ನುತ್ತಾರೆ, ನಮ್ಮಲ್ಲೂ ಕಾರ್ನರ್. ಅಲ್ಲೂ ಕವರ್, ನಮ್ಮಲ್ಲೂ ಕವರ್. ‘ಇದನ್ನು ನಮ್ಮಿಂದಲೇ ಕದ್ದದ್ದೇನೋ’ ಅಂದೆ. ‘ಮಾವ, ನೀವು ಸುಮ್ಮನಿರಿ’ ಅಂದ.

ಏಳು ಜನ ಐವರನ್ನು ಕಾಯುವುದು ಲೆಕ್ಕದಲ್ಲಿ ಸುಲಭ. ಆದರೆ ಆ ಏಳರಲ್ಲಿ ಮೂವರು ಲೈನ್‌ಬ್ಯಾಕರ್‌ಗಳು, ಓಡಿ ಬರುವವನನ್ನು ತಡೆಯಲು ಸಾಕಿದ ಭಾರದ ಆಳುಗಳು. ಅಂಥವನ ಎದುರು ಚಿಗರೆಯಂಥ ರಿಸೀವರ್‌ನನ್ನು ತಂದು ನಿಲ್ಲಿಸುವುದೇ ಸ್ಪ್ರೆಡ್‌ನ ಕುತಂತ್ರ. ಉತ್ತರವೂ ಸರಳ, ಒಬ್ಬ ಲೈನ್‌ಬ್ಯಾಕರ್‌ನನ್ನು ಹೊರಗೆ ಕಳಿಸಿ ಹಗುರ ಮೈಯ ಐದನೆಯ ಹಿಂಬದಿ ಆಟಗಾರನನ್ನು ಕರೆಸು. ಇದಕ್ಕೆ ನಿಕ್ಕಲ್ ಅಂತ ಹೆಸರು, ಅಮೆರಿಕದ ಐದು ಸೆಂಟಿನ ನಾಣ್ಯದಿಂದ ಬಂದದ್ದು. ಆರನೆಯವನೂ ಬಂದರೆ ಡೈಮ್. ಆಗ ಎದುರಿನವರು ಎಸೆಯುವುದು ಬಿಟ್ಟು ಚೆಂಡು ಹೊತ್ತು ಓಡಿದರೆ? ಓಡಲಿ ಬಿಡು ಅಂದವರೂ ಇದ್ದಾರೆ. 1991ರ ಜನವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್‌ನ ಫೈನಲ್‌ನಲ್ಲಿ, ನ್ಯೂಯಾರ್ಕ್ ಜೈಂಟ್ಸ್ ಮಾಡಿದ್ದು ಅದನ್ನೇ. ಎದುರಿಗೆ ಬಫಲೋ ಬಿಲ್ಸ್, ಹಿಂದಿನ ವಾರವಷ್ಟೇ 51–3ರಿಂದ ಗೆದ್ದು ಬಂದ ತಂಡ, ಎರಡು ಆಟದ ನಡುವೆ ಉಸಿರು ತೆಗೆದುಕೊಳ್ಳಲು ಬಿಡದೆ ಆಡುವವರು. ಜೈಂಟ್ಸ್ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಬಿಲ್ ಬೆಲಿಚಿಕ್ ಮುಂದಿನ ಸಾಲಿನಲ್ಲಿ ಇಬ್ಬರು ಮೂವರನ್ನಷ್ಟೇ ಇಟ್ಟು ಉಳಿದವರನ್ನು ಹಿಂದಕ್ಕೆ ಎಳೆದುಕೊಂಡ. ಬಿಲ್ಸ್‌ನ ಥರ್ಮನ್ ಥಾಮಸ್ ಓಡಿಯೇ 135 ಗಜ ಗಳಿಸಿದ. ಆದರೂ ಗೆದ್ದದ್ದು ಜೈಂಟ್ಸ್, 20–19. ಅರವತ್ತು ನಿಮಿಷದಲ್ಲಿ ನಲವತ್ತು ನಿಮಿಷ ಚೆಂಡು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಎದುರಾಳಿಯನ್ನು ಬೆಂಚಿನ ಮೇಲೆ ಕೂರಿಸುವುದೂ ಡಿಫೆನ್ಸೇ, ಆ ಕೆಲಸ ಮಾತ್ರ ನಮ್ಮ ದಾಳಿಯವರು ಮಾಡಿಕೊಡಬೇಕು.

ನನಗೆ ಹಿಡಿಸಿದ್ದು ಇನ್ನೊಂದು ಪಂದ್ಯ. 2014ರ ಸೂಪರ್ ಬೌಲ್. ಡೆನ್ವರ್ ತಂಡ ಆ ಸೀಸನ್‌ನಲ್ಲಿ 606 ಅಂಕ ಹೊಡೆದು ದಾಖಲೆ ಮಾಡಿತ್ತು. ಸಿಯಾಟಲ್ ಅವರನ್ನು 43–8ರಿಂದ ಮಣಿಸಿತು. ಡೆನ್ವರ್‌ನ ಡಿಮೇರಿಯಸ್ ಥಾಮಸ್ ಆ ದಿನ 13 ಪಾಸ್ ಹಿಡಿದ, ಸೂಪರ್ ಬೌಲ್‌ನಲ್ಲಿ ಆಗ ಅದೇ ದಾಖಲೆ. ಗಜ ಎಷ್ಟು? 118. ಒಂದಕ್ಕೆ ಒಂಬತ್ತು ಗಜ. ಹಿಡಿ, ಹಿಡಿದುಕೋ, ಆದರೆ ಹಿಡಿದ ಜಾಗದಲ್ಲೇ ಬೀಳು. ಸಿಯಾಟಲ್‌ನ ಮೂವರು ಆಳದಲ್ಲಿ, ಅಂದರೆ ಎಲ್ಲರಿಗಿಂತ ಹಿಂದೆ, ನಿಂತು ತಲೆಯ ಮೇಲಿಂದ ಏನೂ ಹೋಗದಂತೆ ನೋಡಿಕೊಳ್ಳುತ್ತಿದ್ದರು, ಮುಂದಿನವರು ಚೆಂಡಿನ ಮೇಲೆ ಕಣ್ಣಿಟ್ಟು ಒಟ್ಟಿಗೆ ಮುಗಿಬೀಳುತ್ತಿದ್ದರು. ರೇಡರ್ ಬೋನಸ್ ಗೆರೆ ಮುಟ್ಟಿದ ಅಂತ ಅಳಬೇಡ, ವಾಪಸು ಹೋಗಲು ಬಿಡಬೇಡ ಅಂತ ನಾನು ಮೂವತ್ತೊಂದು ವರ್ಷ ಕೂಗಿದ್ದೂ ಇದನ್ನೇ.

ಇದನ್ನು ಬೋರ್ಡಿನ ಮೇಲೆ ತೋರಿಸುತ್ತಿದ್ದಾಗ ಮೀನುಗಾರರ ಮನೆಯ ಹುಡುಗನೊಬ್ಬ, ‘ಮಾಸ್ತರೇ, ಇದು ರಂಪಣಿಯಲ್ವಾ?’ ಅಂದ. ಗಾಳ ಹಾಕಿದರೆ ಒಂದು ಮೀನಿನ ಹಿಂದೆ ಬಿದ್ದಂತೆ. ರಂಪಣಿ ಬಲೆ ಬಿಟ್ಟವರು ಮೀನಿನ ಹಿಂದೆ ಹೋಗುವುದಿಲ್ಲ, ನೀರನ್ನೇ ಸುತ್ತುತ್ತಾರೆ. ದಡದಲ್ಲಿ ಎರಡೂ ತುದಿಯವರು ಹಗ್ಗ ಬಿಗಿ ಹಿಡಿದಿರಬೇಕು, ಒಂದು ತುದಿ ಸಡಿಲವಾದರೆ ಹೊಟ್ಟೆಯಲ್ಲಿದ್ದ ಮೀನೆಲ್ಲ ಅಲ್ಲೇ ಪಾರು. ಅಳಿಯ ಅವನ ಬೆನ್ನು ತಟ್ಟಿದ, ಆಮೇಲೆ ನಾಲ್ಕು ಕೆಂಪು ಬಿಲ್ಲೆಗಳನ್ನು ನೆಟ್ಟಗೆ ಮೇಲಕ್ಕೆ ತಳ್ಳಿದ. ಆಳದಲ್ಲಿ ಮೂವರು, ಓಡಿ ಬಂದವರು ನಾಲ್ವರು. ಬಲೆ ಹರಿಯಿತು! ಹುಡುಗ ಸುಮ್ಮನಾದ. ಉತ್ತರ ಏನೆಂದರೆ, ಒಳಗಿನ ರಿಸೀವರ್ ನೆಟ್ಟಗೆ ಆಳಕ್ಕೆ ಓಡಿದರೆ ಅವನ ಎದುರಿದ್ದವನು ಬಲೆ ಬಿಟ್ಟು ಅವನ ಜೊತೆಗೇ ಹೋಗಬೇಕು. ಹೊರಗೆ ತಿರುಗಿದರೆ ಪಕ್ಕದವನಿಗೆ ಒಪ್ಪಿಸಿ ತಾನು ಹಿಂದೆ ನೆರವಿಗೆ ನಿಲ್ಲಬೇಕು. ಅರ್ಧ ಬಲೆ, ಅರ್ಧ ಗಾಳ. ಇದಕ್ಕೆ ಬಾಯಿ ಬೇಕು, ಕೂಗಿ ಹೇಳುತ್ತಿರಬೇಕು. ನಮ್ಮ ಹುಡುಗರಿಗೆ ಕಬಡ್ಡಿ ಚೈನ್‌ನಲ್ಲಿ ಕೈ ಹಿಡಿದು ಅಭ್ಯಾಸ, ಇಪ್ಪತ್ತು ಅಡಿ ದೂರದವನ ಜೊತೆ ಮಾತಿನಲ್ಲೇ ಕೈ ಹಿಡಿಯುವುದಕ್ಕೆ ಮೂರು ವಾರ ಬೇಕಾಯಿತು.

ಶಿವನ ಕೆಲಸ ಇನ್ನೂ ಮಜಾ. ಶುರುವಿನಲ್ಲಿ ಆಳದಲ್ಲಿ ಇಬ್ಬರನ್ನು ನಿಲ್ಲಿಸುವುದು, ಶಿವ ಮತ್ತು ನೀಲಿ 4. ಕ್ವಾರ್ಟರ್‌ಬ್ಯಾಕ್ ಅದನ್ನು ನೋಡಿ, ಓಹೋ ಹಿಂದೆ ಇಬ್ಬರು, ನಡುವೆ ಖಾಲಿ ಅಂದುಕೊಳ್ಳುತ್ತಾನೆ. ಚೆಂಡು ಕೈಗೆ ಬರುವ ಹೊತ್ತಿಗೆ ನೀಲಿ 4 ಕೆಳಗಿಳಿದು ಆ ಖಾಲಿ ಜಾಗಕ್ಕೇ ಬಂದಿರುತ್ತಾನೆ, ಶಿವ ನಡುಮಧ್ಯಕ್ಕೆ ಸರಿದಿರುತ್ತಾನೆ. ಸ್ಪ್ರೆಡ್ ಆಟದಲ್ಲಿ ಚೆಂಡು ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ ಕೈ ಬಿಟ್ಟುಹೋಗುತ್ತದೆ. ಅಷ್ಟರಲ್ಲಿ ಅರ್ಧ ಸೆಕೆಂಡು ಅನುಮಾನ ಹುಟ್ಟಿಸಿದರೆ ನುಗ್ಗುವವನಿಗೆ ಸಾಕು. ಬರೇ ಹೆಚ್ಚು ಜನ ನುಗ್ಗಿಸುವುದರಿಂದ ಉಪಯೋಗವಿಲ್ಲ, ಅವರು ಬಿಟ್ಟು ಬಂದ ಜಾಗಕ್ಕೇ ಚೆಂಡು ಹೋಗುತ್ತದೆ. ನುಗ್ಗುವವರ ಹಾಗೆ ಆರು ಜನ ಮುಂದೆ ನಿಂತು, ಕೊನೆಗೆ ನಾಲ್ವರೇ ಬಂದು ಇಬ್ಬರು ಹಿಂದಕ್ಕೆ ಜಾರುವುದು ಒಳ್ಳೆಯದು. ಯಕ್ಷಗಾನದಲ್ಲಿ ರಾಕ್ಷಸ ಪರದೆಯ ಹಿಂದೆ ಕೂಗಿದಷ್ಟೇ ಹೆದರಿಕೆ, ಖರ್ಚು ಕಡಿಮೆ.

ಕಡಲತೀರದಲ್ಲಿ ಇದರಲ್ಲಿ ಎಷ್ಟು ನಡೆಯಿತು? ಐವರ ಆಟದಲ್ಲಿ ನುಗ್ಗುವವನು ಏಳು ಗಜ ಹಿಂದಿನಿಂದಲೇ ಓಡಿ ಬರಬೇಕು. ಹಾಗಾಗಿ ಅವನಿಗೆ ಪಟ್ಟಿಯ ಆಸೆ ಬಿಟ್ಟು ಎರಡೂ ಕೈ ಮೇಲೆತ್ತಿ ಓಡು ಅಂದೆವು, ಎಸೆಯುವವನ ಕಣ್ಣಿಗೆ ಅಡ್ಡ ಬಂದರೆ ಸಾಕು. ಉಳಿದ ನಾಲ್ವರು ಮುಂದೆ ಇಬ್ಬರು, ಹಿಂದೆ ಇಬ್ಬರು. ಬೈತಖೋಲದ ಹುಡುಗಿ ಮತ್ತೆ ಅಡ್ಡ ಓಡಿದಳು, ಯಾರೂ ಹಿಂದೆ ಹೋಗಲಿಲ್ಲ. ಒಬ್ಬನ ಜಾಗ ದಾಟಿ ಇನ್ನೊಬ್ಬನ ಜಾಗಕ್ಕೆ ಬಂದಳು, ಚೆಂಡು ಹಿಡಿದಳು, ಎರಡು ಹೆಜ್ಜೆ ಹಾಕುವಷ್ಟರಲ್ಲಿ ಲುಂಗಿ ಪಟ್ಟಿ ನಮ್ಮವನ ಕೈಯಲ್ಲಿತ್ತು. ‘ಇದು ಮೋಸ, ನಿಂತುಕೊಂಡೇ ಇದ್ದ!’ ಅಂತ ಕೂಗಿದಳು. ಆ ಸಂಜೆ ಸೋತದ್ದೂ ನಾವೇ, ಆದರೆ ಲೆಕ್ಕ ಇಡುವಷ್ಟು ಕಡಿಮೆಯಲ್ಲಿ.

ಕೊಳ್ಳುವವರಿಗೆ ಉಳಿದ ಮಾತು. ಜೊತೆಗೆ ಬಂದ ಎರಡು ಪೆನ್ನಿನಲ್ಲಿ ಒಂದು ಒಣಗಿದೆ. ಇನ್ನೊಂದರಲ್ಲಿ ಬರೆದದ್ದನ್ನು ಅದೇ ದಿನ ಒರೆಸದಿದ್ದರೆ ಕೂತುಬಿಡುತ್ತದೆ, ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ, ಆಮೇಲೆ ಎರಡು ದಿನ ಬಿಲ್ಲೆಗಳು ಜಾರುತ್ತವೆ. ಜಿಪ್ಪಿಗೆ ಉಪ್ಪುಗಾಳಿ ತಾಗಿ ಒಂದೇ ತಿಂಗಳಲ್ಲಿ ತುಕ್ಕು. ಘಟ್ಟದ ಮೇಲೆ ಶಿರಸಿ ಕಡೆಯವರಿಗೆ ಜಿಪ್ಪು ಬಾಳೀತು, ಮಳೆಗಾಲದಲ್ಲಿ ರೆಕ್ಸಿನ್ ಬೂಸ್ಟು ಹಿಡಿಯುತ್ತದೋ ಏನೋ ಅವರೇ ನೋಡಿಕೊಳ್ಳಲಿ. ಕಡಲ ದಂಡೆಗೆ ಒಯ್ಯುವುದಾದರೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಯಸ್ಕಾಂತಕ್ಕೆ ನಮ್ಮ ಕಪ್ಪು ಉಸುಕು ಮೀಸೆಯ ಹಾಗೆ ಅಂಟಿಕೊಳ್ಳುತ್ತದೆ.

ಅಳಿಯ ಮಾರ್ಚಿಯಲ್ಲಿ ವಾಪಸು ಹೋದ. ಹುಡುಗರು ಭಾನುವಾರ ಈಗಲೂ ಬರುತ್ತಾರೆ, ಜಗಲಿಯಲ್ಲಿ ಬೋರ್ಡು ಬಿಚ್ಚುತ್ತೇವೆ. ಮೊನ್ನೆ ಗ್ಯಾಸಿನ ಚೀಟಿ ಫ್ರಿಜ್ಜಿನಿಂದ ಬಿದ್ದು ಎಲ್ಲೋ ಹಾರಿಹೋಯಿತು ಅಂತ ಹೆಂಡತಿ ಶಿವನನ್ನು ವಾಪಸು ಒಯ್ದಿದ್ದಾಳೆ. ಸದ್ಯ ಆಳದಲ್ಲಿ ಯಾರೂ ಇಲ್ಲ.