ಸೌಂಡ್ ಲೋಕೋ ತೊದಲುತ್ತಿದೆಯಾ? ಟರ್ಪೆಂಟೈನ್, ತಾಮ್ರದ ವೈರ್, ಕೆಪಾಸಿಟರ್: ಯಾವುದು ಮೊದಲು?

ಮಾಡೆಲ್ ರೈಲಿನ ಸದ್ದಿಲ್ಲದ ಲೋಕೋ (ಎಂಜಿನ್) ಒಂದನ್ನು, ಸೌಂಡ್ ಡಿಕೋಡರ್ (ಆದೇಶ ಓದಿ ಮೋಟಾರ್ ಓಡಿಸುವ, ಸದ್ದು ಮಾಡುವ ಚಿಪ್) ಇರುವ ಲೋಕೋ ಒಂದನ್ನು ಒಂದೇ ಹಳಿಯ ಮೇಲೆ ಬಿಟ್ಟು ನೋಡಿ. ಮೊದಲನೆಯದು ಸಲೀಸಾಗಿ ಹೋಗುತ್ತದೆ. ಎರಡನೆಯದು ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಗಕ್ಕನೆ ಮುಗ್ಗರಿಸಿ, ಸದ್ದು ಕಟ್ಟಾಗಿ, ಡೀಸೆಲ್ ಎಂಜಿನ್ ಮತ್ತೆ ಮೊದಲಿಂದ ಸ್ಟಾರ್ಟ್ ಆಗುವ ಗುರುಗುರು ಶುರು ಮಾಡುತ್ತದೆ. ಡಿಕೋಡರ್ ಕೆಟ್ಟಿದೆ ಅಂತ ತುಂಬ ಜನ ಬಿಚ್ಚಿ ವಾಪಸ್ ಕಳಿಸುತ್ತಾರೆ. ಸಾಮಾನ್ಯವಾಗಿ ಅದು ಕೆಟ್ಟಿರುವುದೇ ಇಲ್ಲ. ಹಳಿಯಿಂದ ಚಕ್ರಕ್ಕೆ ಬರುವ ಕರೆಂಟ್ ಒಂದು ಕ್ಷಣ ತಪ್ಪಿರುತ್ತದೆ, ಅಷ್ಟೇ. ಫ್ಲೈವೀಲ್ (ಓಟದ ಭರ ಉಳಿಸುವ ಭಾರದ ಗಾಲಿ) ಇರುವ ಮೋಟಾರ್ ಆ ಗ್ಯಾಪನ್ನು ಹೇಗೋ ದಾಟಿಬಿಡುತ್ತದೆ, ಸೌಂಡ್ ಚಿಪ್ ಮಾತ್ರ ರೀಸ್ಟಾರ್ಟ್ ಆಗುತ್ತದೆ.

ನಮ್ಮ ಕೊಡಗಿನಲ್ಲಿ ಈ ಕಾಟ ಮಳೆಯ ಜೊತೆಗೇ ಬರುತ್ತದೆ. ಜಡಿಮಳೆಯ ಕಕ್ಕಡ ತಿಂಗಳ ಹೊತ್ತಿಗೆ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ಕೋಟು ಎಲ್ಲಕ್ಕೂ ಬೂಷ್ಟು ಹಿಡಿದಿರುತ್ತದೆ, ಹಳಿಯನ್ನು ಬಿಡುತ್ತದಾ? (ಜಿಲ್ಲೆಗೆ ನಿಜವಾದ ರೈಲು ಇವತ್ತಿಗೂ ಬಂದಿಲ್ಲ, ಅಟ್ಟದ ಮೇಲಿನ ಎಚ್‌ಓ ಸ್ಕೇಲಿನ ಪುಟ್ಟ ಮಾಡೆಲ್ ರೈಲೇ ನಮಗೆ ಗತಿ. ಅದೂ ತೊದಲಿದರೆ ಹೇಗೆ?) ಇದಕ್ಕೆ ಎಲ್ಲರೂ ಹೇಳುವ ಮದ್ದು ಮೂರು: ಹಳಿ ಒರೆಸು, ವೈರ್ ಹೆಚ್ಚಿಸು, ಲೋಕೋ ಒಳಗೆ ಸ್ವಲ್ಪ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಹಾಕು. ಮೂರನ್ನೂ ಟೇಬಲ್ ಮೇಲೆ ಹಳಿ ಜೋಡಿಸಿದ ಒಂದೇ ಲೇಔಟ್‌ನಲ್ಲಿ ಮಾಡಿ ನೋಡಿದ್ದೇನೆ. ಎಲ್ಲರೂ ಕೆಪಾಸಿಟರ್‌ನಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಅದು ಕೊನೆಗೆ ಅಂತ.

ಒರೆಸುವುದರಲ್ಲೇ ಎರಡು ಪಂಗಡ ಇದೆ. ಒಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್, ಇನ್ನೊಂದು ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್. ಆಲ್ಕೋಹಾಲ್ ಹಾಕಿ ಒರೆಸಿದ ಕೂಡಲೇ ಬಟ್ಟೆ ಕಪ್ಪಗಾಗುತ್ತದೆ, ನೋಡಲು ಖುಷಿ. ಆದರೆ ಜಡಿಮಳೆಯಲ್ಲಿ ಆ ಹೊಳಪು ಜಾಸ್ತಿ ದಿನ ಬಾಳುವುದಿಲ್ಲ. ಟರ್ಪೆಂಟೈನ್ ನಿಧಾನಕ್ಕೆ ಕೊಳೆ ಬಿಡಿಸುತ್ತದೆ, ಒರೆಸಿದ್ದು ಮಾತ್ರ ಹೆಚ್ಚು ದಿನ ನಿಲ್ಲುತ್ತದೆ. ಹವ್ಯಾಸಿಗಳು ಕೊಡುವ ಕಾರಣ ಹೀಗಿದೆ: ಆಲ್ಕೋಹಾಲ್ ಪೋಲಾರ್ ದ್ರವ, ಅದರ ಡೈಎಲೆಕ್ಟ್ರಿಕ್ ಅಂಕ ಸುಮಾರು 18, ಟರ್ಪೆಂಟೈನ್ ಥರದವುಗಳದ್ದು ಸುಮಾರು 2. ಅಂಕ ಜಾಸ್ತಿ ಇರುವ ದ್ರವದ ಪಸೆ ಉಳಿದರೆ ಚಕ್ರ ಮತ್ತು ಹಳಿಯ ನಡುವೆ ಸಣ್ಣ ಸಣ್ಣ ಕಿಡಿ ಹಾರಿ ಮತ್ತೆ ಮಸಿ ಕೂರುತ್ತದಂತೆ. ನನ್ನ ಹಳಿಯಲ್ಲಿ ಕಂಡದ್ದು ಈ ಮಾತಿಗೆ ಹೊಂದುತ್ತದೆ. ಎರಡು ಎಚ್ಚರಿಕೆ: ಚಕ್ರಕ್ಕೆ ರಬ್ಬರ್ ಟೈರ್ ಇದ್ದರೆ ಟರ್ಪೆಂಟೈನ್ ತಾಗಿಸಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ಒರೆಸಿದ ಮೇಲೆ ಕಿಟಕಿ ತೆರೆದಿಟ್ಟು ಪೂರ್ತಿ ಆರಲು ಬಿಟ್ಟೇ ಕರೆಂಟ್ ಕೊಡಿ, ಅದು ಬೆಂಕಿ ಹಿಡಿಯುವ ಸಾಮಾನು. ಇನ್ನು ಮರಳು ಕಾಗದದ ಸುದ್ದಿಯೇ ಬೇಡ, ಅದು ಮಾಡುವ ಗೀರಿನಲ್ಲೇ ಮುಂದಿನ ಕೊಳೆ ಕೂರುತ್ತದೆ.

ಆದರೆ ಎಷ್ಟು ಒರೆಸಿದರೂ ಲೂಪಿನ ತುದಿಯಲ್ಲಿ ಮಾತ್ರ ತೊದಲುತ್ತಿದ್ದರೆ? ಅದು ಕೊಳೆ ಅಲ್ಲ, ಹಳಿಯ ಜಾಯಿಂಟ್. ಹಳಿಗೆ ಹಳಿ ಸೇರಿಸುವ ಆ ಪುಟ್ಟ ಲೋಹದ ತುಂಡಿನ ಮೇಲೆ ನಂಬಿಕೆ ಇಟ್ಟು ಇಡೀ ಲೇಔಟಿಗೆ ಒಂದೇ ಕಡೆಯಿಂದ ಕರೆಂಟ್ ಕೊಟ್ಟಿದ್ದರೆ, ಮೊದಲ ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಒಂದು ಮಳೆಗಾಲ ಕಳೆದರೆ ಒಳಗೆ ಕಿಲುಬು. ಇದನ್ನು ಪತ್ತೆ ಮಾಡಲು ಒಂದು ನಾಣ್ಯ ಸಾಕು. ಎರಡೂ ಹಳಿಗೆ ತಾಗುವ ಹಾಗೆ ಅರೆಕ್ಷಣ ಇಡಿ, ಬೂಸ್ಟರ್ (ಹಳಿಗೆ ಕರೆಂಟ್ ಕೊಡುವ ಡಬ್ಬಿ) ತಕ್ಷಣ ಟ್ರಿಪ್ ಆಗಬೇಕು. ಎಲ್ಲಿ ಟ್ರಿಪ್ ಆಗುವುದಿಲ್ಲವೋ ಅಲ್ಲಿ ವೈರಿಂಗ್ ಸಾಲದು. ಮಲ್ಟಿಮೀಟರ್‌ನಲ್ಲೂ ನೋಡಬಹುದು. ಡಿಸಿಸಿ (ಹಳಿಯ ಕರೆಂಟಿನಲ್ಲೇ ಲೋಕೋಗೆ ಆದೇಶ ಕಳಿಸುವ ಪದ್ಧತಿ) ಸಿಗ್ನಲ್ ಸೆಕೆಂಡಿಗೆ ಸಾವಿರಾರು ಸಲ ಪ್ಲಸ್ ಮೈನಸ್ ಅದಲುಬದಲು ಆಗುವ ಚೌಕ ಅಲೆ, ಹಾಗಾಗಿ ಅಗ್ಗದ ಮೀಟರ್ ತೋರಿಸುವ ವೋಲ್ಟ್ ಸರಿಯಾಗಿರುವುದಿಲ್ಲ. ಆದರೂ ಬೂಸ್ಟರ್ ಹತ್ತಿರ ತೋರಿಸಿದ್ದಕ್ಕೂ ತುದಿಯಲ್ಲಿ ತೋರಿಸಿದ್ದಕ್ಕೂ ಇರುವ ವ್ಯತ್ಯಾಸ ಕಥೆ ಹೇಳುತ್ತದೆ.

ಪರಿಹಾರ ಬೋರು ಹೊಡೆಸುವಂಥದ್ದು. ಮನೆ ವೈರಿಂಗಿಗೆ ತರುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು ಟೇಬಲ್ ಕೆಳಗೆ ಉದ್ದಕ್ಕೂ ಎಳೆದು, ಪ್ರತಿ ತುಂಡು ಹಳಿಗೂ ಸಣ್ಣ ಫೀಡರ್ ವೈರ್ ಬೆಸುಗೆ ಹಾಕಿ, ಪಾಯಿಂಟ್‌ಗಳ ಫ್ರಾಗ್ (ಹಳಿಗೆ ಹಳಿ ಅಡ್ಡ ಹಾಯುವ ಜಾಗ) ಲೋಹದ್ದಾಗಿದ್ದರೆ ಅದಕ್ಕೂ ಸ್ವಿಚ್ ಮೂಲಕ ಕರೆಂಟ್ ಕೊಡಬೇಕು. ಟೇಬಲ್ ಅಡಿಯಲ್ಲಿ ಮಲಗಿ ಬೆಸುಗೆ ಹಾಕುವಾಗ ಬಿಸಿ ಸೀಸ ಅಂಗಿ ಮೇಲೆ ಬೀಳುತ್ತದೆ, ಕತ್ತು ನೋಯುತ್ತದೆ, ಮನೆಯವರು ಬೈಯುತ್ತಾರೆ. ಆದರೆ ಒಂದು ಸಲ ಮಾಡಿದರೆ ಇರುವ ಎಲ್ಲ ಲೋಕೋಗೂ ಆಯಿತು, ಮುಂದೆ ಕೊಳ್ಳುವ ಲೋಕೋಗೂ ಆಯಿತು. ಬೇರೆ ಯಾವ ಮದ್ದಿಗೂ ಈ ಗುಣ ಇಲ್ಲ.

ಈಗ ಕೆಪಾಸಿಟರ್. ಇದರಲ್ಲಿ ಮಂತ್ರ ಏನೂ ಇಲ್ಲ, ಲೆಕ್ಕ ಇದೆ. 25 ವೋಲ್ಟಿನ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು 100 ಓಮ್ ರೆಸಿಸ್ಟರ್ ಮತ್ತು ಡಯೋಡ್ ಜೊತೆ ಹಾಕಿದಿರಿ ಅನ್ನಿ. ಲೋಕೋ 200 ಮಿಲಿಆಂಪ್ ತಿನ್ನುತ್ತಾ ವೋಲ್ಟೇಜ್ 14ರಿಂದ 8ಕ್ಕೆ ಇಳಿಯುವಷ್ಟರಲ್ಲಿ ಸಿಗುವುದು 0.03 ಸೆಕೆಂಡ್. ಸಣ್ಣ ಧೂಳಿನ ಕಣ ದಾಟಲು ಸಾಕು, ಕರೆಂಟಿಲ್ಲದ ಫ್ರಾಗ್ ದಾಟಲು ಸಾಲದು. ಅದೇ 2.7 ವೋಲ್ಟಿನ 1 ಫ್ಯಾರಡ್ ಸೂಪರ್ ಕೆಪಾಸಿಟರ್ ಆರನ್ನು ಸಾಲಾಗಿ ಜೋಡಿಸಿದರೆ ಸುಮಾರು 5 ಸೆಕೆಂಡ್ ಸಿಗುತ್ತದೆ. ಐದೇ ಹಾಕಿದರೆ 13.5 ವೋಲ್ಟ್, 14 ವೋಲ್ಟಿನ ಹಳಿಗೆ ಅದು ಕಡಿಮೆ. ಆರನ್ನು ಸಣ್ಣ ಶಂಟಿಂಗ್ ಲೋಕೋ ಒಳಗೆ ತುರುಕಲು ಜಾಗ ಎಲ್ಲಿದೆ ಅನ್ನುವುದು ಬೇರೆ ತಲೆನೋವು.

ಹಾಕಿದ ಮೇಲೆ ಸದ್ದು ಬೆಣ್ಣೆಯ ಹಾಗೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ನಾಲ್ಕೇ ಚಕ್ರದ ಲೋಕೋ ಆದರೆ ಇದು ಬೇಕೇ ಬೇಕು. ಆದರೆ ಹೊಸ ರಗಳೆಗಳೂ ಬರುತ್ತವೆ. ಸೆಟ್ಟಿಂಗ್ ಓದಿ ಬರೆಯಲು ಇಟ್ಟ ಪ್ರೋಗ್ರಾಮಿಂಗ್ ಟ್ರ್ಯಾಕ್‌ನಲ್ಲಿ ಡಿಕೋಡರ್ ತನ್ನ ಉತ್ತರವನ್ನು ಮೋಟಾರಿಗೆ 6 ಮಿಲಿಸೆಕೆಂಡ್ ಕರೆಂಟ್ ಕೊಟ್ಟು, ಕನಿಷ್ಠ 60 ಮಿಲಿಆಂಪಿನ ಒಂದು ಮಿಡಿತವಾಗಿ ಹೇಳುತ್ತದೆ. ಚಾರ್ಜ್ ಆಗುತ್ತಿರುವ ಕೆಪಾಸಿಟರ್ ಆ ಮಿಡಿತವನ್ನು ಮುಚ್ಚಿಬಿಡುತ್ತದೆ, ಸಿವಿ (ಡಿಕೋಡರ್ ಒಳಗಿನ ನಂಬರ್ ಹಾಕಿದ ಸೆಟ್ಟಿಂಗ್) ಓದಲು ಆಗುವುದೇ ಇಲ್ಲ. ಇನ್ನೊಂದು ನಮ್ಮ ಊರಿನದೇ ಸಮಸ್ಯೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ, ಬಂದ ಕೂಡಲೇ ಎಲ್ಲ ಲೋಕೋಗಳ ಕೆಪಾಸಿಟರ್ ಒಟ್ಟಿಗೆ ಚಾರ್ಜ್ ಎಳೆದು ಬೂಸ್ಟರ್ ಟ್ರಿಪ್ ಆಗುತ್ತದೆ. ಜೊತೆಗೆ ಸಿಗ್ನಲ್ ತಪ್ಪಿದರೂ ಲೋಕೋ ಓಡುತ್ತಲೇ ಇರುತ್ತದೆ. ಅದಕ್ಕೆ ಸಿವಿ 29ರಲ್ಲಿ ಅನಲಾಗ್ ಮೋಡ್ (ಡಿಸಿಸಿ ಸಿಗ್ನಲ್ ಇಲ್ಲದ ಸಾದಾ ಕರೆಂಟಿನಲ್ಲೂ ಓಡುವ ವ್ಯವಸ್ಥೆ) ಆಫ್ ಮಾಡಿಡಿ. ನಿಮ್ಮ ಸಿವಿ 29ರ ಸಂಖ್ಯೆ 6 ಆಗಿದ್ದರೆ 4 ಕಳೆದು 2 ಬರೆದರಾಯಿತು.

ತೊದಲುವುದಲ್ಲ, ಲೋಕೋ ಓಡುವುದೇ ಇಲ್ಲ ಅನ್ನುವುದು ಬೇರೆ ಕಾಯಿಲೆ. ರಜೆಗೆ ಬಂದ ತಂಗಿ ಮಗ ಎರಡು ಲೋಕೋ ಜೋಡಿಸಿ ಓಡಿಸಿದ್ದ. ಮರುದಿನ, "ಮಾವಾ, ಇದು ಸತ್ತೋಯ್ತು!" ಹಾರ್ನ್ ಹೊಡೆಯುತ್ತದೆ, ಲೈಟ್ ಉರಿಯುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಈ ಲಕ್ಷಣ ಕಂಡರೆ ಸಿವಿ 19 ನೋಡಿ. ಅಲ್ಲಿ ಜೋಡಿಯ ಅಡ್ರೆಸ್ (ಕಂಟ್ರೋಲರ್ ಲೋಕೋವನ್ನು ಕರೆಯುವ ನಂಬರ್) ಉಳಿದಿರುತ್ತದೆ, 0 ಬರೆದರೆ ಎದ್ದು ಕೂರುತ್ತದೆ. ಇದಕ್ಕೂ ತುಂಬ ಜನ ಸಿವಿ 8ಕ್ಕೆ 8 ಬರೆದು ಪೂರ್ತಿ ರೀಸೆಟ್ ಮಾಡುತ್ತಾರೆ. ಹಲವು ಡಿಕೋಡರ್‌ಗಳಲ್ಲಿ ಅದು ಕೆಲಸ ಮಾಡುತ್ತದೆ, ಆದರೆ ಅಡ್ರೆಸ್ 3ಕ್ಕೆ ಹೋಗುತ್ತದೆ, ನೀವು ಕೂತು ಹೊಂದಿಸಿದ ವಾಲ್ಯೂಮ್ ಎಲ್ಲ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಲ್ಲಿ ಒಂದೊಂದೇ ಸಿವಿ ಓದುವುದಕ್ಕಿಂತ ಲ್ಯಾಪ್‌ಟಾಪ್‌ನಲ್ಲಿ ಜೆಎಂಆರ್‌ಐ ಸಾಫ್ಟ್‌ವೇರ್ ಹಾಕಿಕೊಳ್ಳಿ. ಸುಮ್ನೆ ಸಿಗುತ್ತದೆ, ಎಲ್ಲ ಸಿವಿಯನ್ನೂ ಒಂದು ಫೈಲ್‌ನಲ್ಲಿ ಉಳಿಸಿಡುತ್ತದೆ.

ಸದ್ದು ಕಟ್ಟಾಗದೆ ಬರೀ ಒಡಕಾಗಿ ಬರುತ್ತಿದ್ದರೆ ಮೊದಲು ವಾಲ್ಯೂಮ್ ಇಳಿಸಿ. ಲೋಕ್‌ಸೌಂಡ್ 5ರಲ್ಲಿ ಸಿವಿ 63, ಸುನಾಮಿ 2 ಡಿಕೋಡರಿನಲ್ಲಿ ಸಿವಿ 128. ಇಳಿಸಿದರೂ ತಗಡು ಬಡಿದ ಹಾಗೇ ಇದ್ದರೆ ಸ್ಪೀಕರ್ ಹಿಂದಿನ ಡಬ್ಬಿ ನೋಡಿ. ಡಬ್ಬಿ ಇಲ್ಲದಿದ್ದರೆ ಅಥವಾ ಅಂಚಿನಲ್ಲಿ ಸಂದು ಬಿಟ್ಟಿದ್ದರೆ ಸ್ಪೀಕರಿನ ಮುಂದಿನ ಸದ್ದನ್ನು ಹಿಂದಿನ ಸದ್ದು ನುಂಗಿಹಾಕುತ್ತದೆ, ಬೇಸ್ ಇರುವುದೇ ಇಲ್ಲ. ಸಂದಿಗೆ ಅಂಟು ಹಾಕಿ ಗಾಳಿ ಆಡದಂತೆ ಮುಚ್ಚಿ, ಲೋಕೋದ ಮೇಲ್ಮೈಗೆ ಸ್ಪೀಕರ್ ತಾಗುವಲ್ಲಿ ಸ್ವಲ್ಪ ಫೋಮ್ ಟೇಪ್ ಇಡಿ. ಹೊಸ ಡಿಕೋಡರ್‌ಗೆ ದುಡ್ಡು ಸುರಿಯುವುದು ಇದೆಲ್ಲ ಆದ ಮೇಲೆ.